ಗಂಟು ನಿಮಗ, ಉಳಿದದ್ದು ನಮಗ

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕು ಅನ್ನುವುದೇ ನನಗೆ ತಿಳಿಯುತ್ತಿಲ್ಲ. ತಿಳಿದಿದ್ದರೆ ಮೂರು ವಾರದಿಂದ ಹೀಗೆ ಹಾಳೆ ಹರಿಯುತ್ತ ಕೂತಿರುತ್ತಿದ್ದೆನೇ? ಮೊದಲ ಸಲ ಶಹಾಪುರದ ಬೆಟ್ಟದಿಂದ ಶುರು ಮಾಡಿದೆ. ಅರ್ಧ ಪುಟ ಬೆಟ್ಟ, ಅದರ ಮೇಲೆ ಅರ್ಧ ಪುಟ ಬಿಸಿಲು. ಓದಿ ನೋಡಿದರೆ ನನಗೇ ಆಕಳಿಕೆ ಬಂತು. ದೊಡ್ಡಕರುಳಿನ ಕ್ಯಾನ್ಸರ್ ಬಗ್ಗೆ ಬರೆಯಲು ಕೂತು ಬೆಟ್ಟ ಹತ್ತುವುದು ಯಾಕೆ ಅಂತ ಹರಿದು ಹಾಕಿದೆ.

ಎರಡನೇ ಸಲ ಭೀಮೆಯ ಸೇತುವೆ ಹಿಡಿದೆ. ಶಹಾಪುರದಿಂದ ಯಾದಗಿರಿಗೆ ಹೊರಟ ಬಸ್ಸು ಸೇತುವೆಯ ಮೇಲಿದೆ, ಕಿಟಕಿ ಪಕ್ಕದ ಹೆಂಗಸಿನ ತೊಡೆಯ ಮೇಲೊಂದು ಡಬ್ಬಿ ಇದೆ, ಡಬ್ಬಿಯಲ್ಲಿ ಏನಿದೆ ಅಂತ ಹೇಳದೆ ಓದುಗರನ್ನು ಎರಡು ಪುಟ ಕಾಯಿಸಬೇಕು. (ಇಂಥ ಅಗ್ಗದ ಆಟ ಆಡಿ ಆಡಿಯೇ ನಾನು ಇಲ್ಲಿಗೆ ಬಂದು ನಿಂತಿರುವುದು.) ಬಸ್ಸು ಸೇತುವೆ ದಾಟಿತು. ಆಮೇಲೆ ಏನೂ ಆಗಲಿಲ್ಲ. ಅದನ್ನೂ ಹರಿದೆ.

ಕಾಯಿಸುವುದಿಲ್ಲ, ಈಗಲೇ ಹೇಳಿಬಿಡುತ್ತೇನೆ. ಡಬ್ಬಿಯಲ್ಲಿ ಆಕೆಯ ಗಂಡನ ಕರುಳಿನ ತುಂಡು ಇತ್ತು.

೨

ಯಾದಗಿರಿಯ ಸ್ಟೇಷನ್ ರಸ್ತೆಯಲ್ಲಿ ಒಂದು ಲ್ಯಾಬು. ಅಲ್ಲಿ ಡಾಕ್ಟರ್ ಪರಿಮಳಾ. ವಯಸ್ಸು ನಲವತ್ತೊಂದು, ಊರು ಸುರಪುರ. ಆಪರೇಷನ್ನಿನಲ್ಲಿ ಕತ್ತರಿಸಿ ತೆಗೆದದ್ದನ್ನು ತೆಳ್ಳಗೆ ಕೊಯ್ಸಿ, ಬಣ್ಣ ಹಾಕಿಸಿ, ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿ, ಇದು ಯಾವ ರೋಗ, ಎಲ್ಲಿಯವರೆಗೆ ಹೋಗಿದೆ, ಮುಂದೆ ಹೇಗೆ ಅಂತ ಬರೆದು ಕೊಡುವುದು ಅವಳ ಕೆಲಸ. ರೋಗಿಗಳು ಅವಳ ಮುಖ ನೋಡಿದವರಲ್ಲ. ರಿಪೋರ್ಟು ಮಷಿನ್ನಿನಿಂದ ಬರುತ್ತದೆ ಅಂತಲೇ ಅರ್ಧ ಜಿಲ್ಲೆ ನಂಬಿಕೊಂಡಿದೆ.

ಬುಧವಾರ ಬೆಳಿಗ್ಗೆ ಅವಳು ಆ ಡಬ್ಬಿ ತೆರೆದಳು. ಶಹಾಪುರದ ಒಂದು ನರ್ಸಿಂಗ್ ಹೋಮಿನಿಂದ ಬಂದದ್ದು. ನಮ್ಮ ಕಡೆ ಇಂಥ ಡಬ್ಬಿಗಳನ್ನು ಮುಟ್ಟಿಸುವುದು ರೋಗಿಯ ಮನೆಯವರೇ. ಸೋಮವಾರ ಆಪರೇಷನ್ ಆದರೆ ರಾತ್ರಿಯೆಲ್ಲ ಫಾರ್ಮಲಿನ್‌ನಲ್ಲಿ ನೆನೆಯುತ್ತದೆ, ಮಂಗಳವಾರ ಬೆಳಿಗ್ಗೆ ಹೆಂಡತಿಯೋ ತಮ್ಮನೋ ಅದನ್ನು ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತುತ್ತಾರೆ. ಯಾರಿಗೂ ಇದು ವಿಚಿತ್ರ ಅನ್ನಿಸುವುದಿಲ್ಲ.

ಡಬ್ಬಿಯಲ್ಲಿ ಗೇಣುದ್ದದ ಕರುಳಿತ್ತು, ನಡುವೆ ಗಂಟಿತ್ತು. ಅಷ್ಟೇ ಇತ್ತು. ಕರುಳಿಗೆ ಅಂಟಿಕೊಂಡು ಅಗಲವಾದ ಕೊಬ್ಬಿನ ಸೆರಗೊಂದು ಇರುತ್ತದೆ. ತೊಗರಿಕಾಳಿನಷ್ಟು, ಕೆಲವು ಅದಕ್ಕಿಂತ ಸಣ್ಣ ಗ್ರಂಥಿಗಳು ಆ ಕೊಬ್ಬಿನಲ್ಲಿ ಹುದುಗಿರುತ್ತವೆ. ಕ್ಯಾನ್ಸರ್ ಕರುಳು ಬಿಟ್ಟು ಹೊರಟರೆ ಸಾಮಾನ್ಯವಾಗಿ ಮೊದಲು ಹೋಗಿ ಕೂರುವುದು ಅಲ್ಲಿ. ಕಡಿಮೆಯೆಂದರೂ ಹನ್ನೆರಡು ಗ್ರಂಥಿ ಹುಡುಕಿ ನೋಡಿ, ಒಂದರಲ್ಲೂ ಇಲ್ಲ ಅಂದಾಗ ಮಾತ್ರ ಡಾಕ್ಟರುಗಳು ಸ್ವಲ್ಪ ನಿರಾಳವಾಗುತ್ತಾರೆ. ಪರಿಮಳಾಗೆ ಸಿಕ್ಕಿದ್ದು ನಾಲ್ಕು. ಸೆರಗೇ ಇರಲಿಲ್ಲ. ಅದನ್ನು ಯಾರೋ ಕರುಳಿನ ಗುಂಟ ಕತ್ತರಿಸಿ ತೆಗೆದಿದ್ದರು, ಅದೂ ಸರ್ಜನ್ನಿನ ಕತ್ತಿಯಿಂದಲ್ಲ. ಅಂಚು ನೋಡಿದರೆ ಅಡುಗೆಮನೆಯ ಈಳಿಗೆ ನೆನಪಾಗುವಂತಿತ್ತು.

ಅವಳು ಶಹಾಪುರಕ್ಕೆ ಫೋನು ಹಚ್ಚಿ ಸರ್ಜನ್ನನ್ನು ತರಾಟೆಗೆ ತೆಗೆದುಕೊಂಡಳು. (ಇಲ್ಲಿ ಒಂದೂವರೆ ಪುಟದ ಜಗಳ ಬರೆದಿದ್ದೆ. ಚೆನ್ನಾಗಿಯೇ ಇತ್ತು. ಆದರೆ ಆ ಸರ್ಜನ್ನು ಪೂರ್ತಿ ಭಾಗವನ್ನೇ ಕಳಿಸಿದ್ದರು, ಪಾಪ, ಅವರದೇನೂ ತಪ್ಪಿರಲಿಲ್ಲ. ತಪ್ಪಿಲ್ಲದವರನ್ನು ಒಂದೂವರೆ ಪುಟ ಬೈಯುವುದು ಎಷ್ಟು ಸರಿ ಅಂತ ಹೊಡೆದು ಹಾಕಿದೆ.) ಹಾಗಾದರೆ ಕತ್ತರಿಸಿದವರು ಯಾರು? ಡಬ್ಬಿ ಹೊತ್ತು ತಂದಾಕೆಯನ್ನು ಕರೆಸಿದರು.

೩

ಮಕ್ತುಂಬಿ ಬಂದಳು. ಐವತ್ತು ದಾಟಿದ ಹೆಂಗಸು, ಗಂಡ ಶರೀಫಸಾಬನಿಗೆ ಶಹಾಪುರದ ಬಜಾರಿನಲ್ಲಿ ಗಡಿಯಾರ ರಿಪೇರಿಯ ಸಣ್ಣ ಅಂಗಡಿ. ಲ್ಯಾಬಿನ ಟೆಕ್ನೀಷಿಯನ್ ಮರಿಲಿಂಗ, ಇಪ್ಪತ್ತೆಂಟು ವರ್ಷದ ಸರ್ವಿಸಿನವನು, ಆಕೆಗೆ ಕುರ್ಚಿ ಹಾಕಿದ. ಪರಿಮಳಾ ಕೇಳಿದ್ದಕ್ಕೆ ಆಕೆ ಒಂದಿಷ್ಟೂ ಅಳುಕದೆ ಹೇಳಿದಳು. ಹೌದು, ಮನೆಗೆ ಒಯ್ದು ತೆಗೆದದ್ದು ತಾನೇ. ಬಿಳಿ ಬಟ್ಟೆಯಲ್ಲಿ ಸುತ್ತಿ ಮೈದುನ ಮಸ್ತಾನಸಾಬನ ಕೈಯಲ್ಲಿ ಕೊಟ್ಟು ಖಬರಸ್ತಾನದಲ್ಲಿ, ಮಾವನ ಗೋರಿಯ ಮಗ್ಗುಲಲ್ಲಿ ಮಣ್ಣು ಮಾಡಿಸಿದ್ದಾಳೆ. ಅಷ್ಟಾದ ಮೇಲೆ ಡಬ್ಬಿ ಹಿಡಿದು ಬಸ್ಸು ಹತ್ತಿದ್ದಾಳೆ.

"ಗಂಟು ಬ್ಯಾನಿದುರಿ, ಅದು ನಿಮಗ," ಅಂದಳು. "ಉಳಿದದ್ದು ನಮ್ಮ ಮನಿ ಮನುಷ್ಯಾಂದು, ಅದು ನಮಗ. ನೀವು ನೋಡಿದ ಮ್ಯಾಲ ಹಳದಿ ಚೀಲದಾಗ ಹಾಕಿ ಸುಡಾಕ ಕಳಿಸ್ತೀರಂತಲ್ಲ. ಅವರು ಜೀವಂತ ಇದ್ದಾಗ ಅವರದೊಂದು ತುಂಡು ಯಾರರೆ ಸುಡ್ತಾರೇನ್ರಿ?"

ಪರಿಮಳಾಗೆ ಮೈಯೆಲ್ಲ ಉರಿಯಿತು. ನೀವು ಹೂಳಿದ್ದೇ ನನಗೆ ಬೇಕಾದದ್ದು ತಾಯಿ, ಅಂತ ಕೂಗಬೇಕು ಅನ್ನಿಸಿತು. ಕೂಗಲಿಲ್ಲ. ಹದಿನಾಲ್ಕು ವರ್ಷದ ಹಿಂದೆ ಮಗಳು ಹುಟ್ಟಿದಾಗ ಅವಳವ್ವ ನರ್ಸಿನ ಜೊತೆ ಜಗಳ ತೆಗೆದು ಹೆರಿಗೆಯ ಮಾಸನ್ನು ಗಡಿಗೆಯಲ್ಲಿ ಇಸಿದುಕೊಂಡು, ಸುರಪುರದ ಮನೆಯ ಹಿತ್ತಲಲ್ಲಿ ಅರಿಸಿನ ಕುಂಕುಮ ಹಾಕಿ ಹೂಳಿದ್ದಳು. ಎಂಡಿ ಪಾಸಾದ ಪರಿಮಳಾ ಮಂಚದ ಮೇಲೆ ಮಲಗಿಕೊಂಡೇ, ಆಳವಾಗಿ ತೋಡು, ನಾಯಿ ಕೆದರೀತು ಅಂತ ಹೇಳಿ ಕಳಿಸಿದ್ದಳು. ಈಗ ಯಾವ ಬಾಯಿಂದ ಬೈಯಬೇಕು?

(ಈ ಹಳೇ ನೆನಪನ್ನು ನಾನು ಹಾಕಿದ್ದಲ್ಲ. ಪರಿಮಳಾ ತಾನಾಗಿ ತಂದದ್ದು. ನನ್ನ ಪ್ಲಾನಿನಲ್ಲಿ ಇಲ್ಲಿ ಒಂದು ಒಳ್ಳೆಯ ಬೈಗುಳ ಇತ್ತು.)

೫

(ನಾಲ್ಕನ್ನು ಹುಡುಕಬೇಡಿ. ಅದರಲ್ಲಿ ಕ್ಯಾನ್ಸರ್ ಬಗ್ಗೆ ಒಂದು ತತ್ವಜ್ಞಾನ ಇತ್ತು. ಮರಿಲಿಂಗ ಓದಿ, ಇದು ಯಾರಿಗೆ ಬೇಕಾಗ್ಯಾದ್ರಿ ಅಂದ.)

ಕಲಬುರಗಿಯ ಕ್ಯಾನ್ಸರ್ ಡಾಕ್ಟರರಿಗೆ ಪರಿಮಳಾ ಫೋನು ಮಾಡಿ ಇದ್ದದ್ದು ಇದ್ದಂತೆ ಹೇಳಿದಳು. ಅವರು ನಿಟ್ಟುಸಿರು ಬಿಟ್ಟರು. ಸಿಕ್ಕ ನಾಲ್ಕು ಗ್ರಂಥಿಯಲ್ಲಿ ರೋಗ ಇಲ್ಲ ನಿಜ, ಆದರೆ ನಾಲ್ಕನ್ನು ನಂಬಿ ಬಿಡುವುದು ಹೇಗೆ? ಬೇರೆ ಯಾರೇ ಆಗಿದ್ದರೂ ಕಣ್ಣುಮುಚ್ಚಿ ಕೀಮೋ ಶುರು ಮಾಡುತ್ತಿದ್ದರಂತೆ. ಈತನಿಗೆ ಹೋದ ವರ್ಷವೇ ಹೃದಯಕ್ಕೆ ಸ್ಟೆಂಟು ಬಿದ್ದಿದೆ, ಆ ಔಷಧಿ ಈ ಹೃದಯಕ್ಕೆ ಒಗ್ಗುವ ಭರವಸೆ ಇಲ್ಲ. ಕೊಟ್ಟರೆ ಒಂದು ಭಯ, ಬಿಟ್ಟರೆ ಒಂದು ಭಯ. ಗಂಟಿನ ಅಂಚಿನಲ್ಲಿ ಬಡ್ಡಿಂಗ್ ಎಷ್ಟಿದೆ ಎಣಿಸಿ ಹೇಳಿ, ಹತ್ತು ಮುಟ್ಟಿದರೆ ಧೈರ್ಯ ಮಾಡಿ ಕೊಡುತ್ತೇನೆ, ಹತ್ತರ ಒಳಗಿದ್ದರೆ ಕಾದು ನೋಡುತ್ತೇನೆ ಅಂದರು.

ಬಡ್ಡಿಂಗ್ ಅಂದರೆ ಇಷ್ಟು. ಕ್ಯಾನ್ಸರಿನ ಗಂಟು ಒಳಗೆ ನುಗ್ಗುವ ಅಂಚಿನಲ್ಲಿ ಕೆಲವು ಜೀವಕೋಶಗಳು ಉಳಿದವನ್ನು ಬಿಟ್ಟು ಒಂಟಿಯಾಗಿಯೋ, ಎರಡು ಮೂರು ನಾಲ್ಕು ಕೂಡಿಕೊಂಡೋ ಮುಂದಕ್ಕೆ ಹೊರಟಿರುತ್ತವೆ. ಇಂಗ್ಲಿಷಿನಲ್ಲಿ ಅವಕ್ಕೆ ಮೊಗ್ಗು ಅಂತ ಹೆಸರಿಟ್ಟಿದ್ದಾರೆ. ಇಟ್ಟವರಿಗೆ ಏನು ಬಂದಿತ್ತೋ! ನಾನು ಗುಂಪು ಅಂತಲೇ ಬರೆಯುತ್ತೇನೆ. ಗೊತ್ತುಮಾಡಿದಷ್ಟು ಜಾಗದಲ್ಲಿ ಇಂಥವು ಹತ್ತು ಅಥವಾ ಹೆಚ್ಚು ಕಂಡರೆ ಆ ರೋಗಕ್ಕೆ ಅವಸರ ಜಾಸ್ತಿ ಅಂತ ಲೆಕ್ಕ. ಒಂದು ಗುಂಪಿನಲ್ಲಿ ನಾಲ್ಕು ಕೋಶದವರೆಗೆ ಇದ್ದರೆ ಅದು ಎಣಿಕೆಗೆ ಸೇರುತ್ತದೆ, ಐದಾದರೆ ಸೇರುವುದಿಲ್ಲ.

ಪರಿಮಳಾ ಎಣಿಸಿದಳು. ಒಂಬತ್ತು. ಚಹಾ ಕುಡಿದು ಬಂದು ಎಣಿಸಿದಳು. ಹತ್ತು. ಕಣ್ಣು ತೊಳೆದು ಬಂದಳು. ಒಂಬತ್ತು. ಕಿತಾಪತಿ ಎಲ್ಲಿದೆ ಅಂತ ಹುಡುಕಿದರೆ ಎಡಗಡೆ ಮೂಲೆಯ ಒಂದು ಗುಂಪು. ಅದರಲ್ಲಿ ನಾಲ್ಕು ಕೋಶ ಸ್ಪಷ್ಟವಾಗಿವೆ, ಒಂದರ ಕೆಳಗೆ ಇನ್ನೊಂದು ಇದ್ದಂತೆಯೂ ಇದೆ, ಇಲ್ಲದಂತೆಯೂ ಇದೆ. ನಾಲ್ಕಾದರೆ ಹತ್ತು ಗುಂಪು. ಐದಾದರೆ ಒಂಬತ್ತು. ಬೇರೆ ಕಡೆ ಕೊಯ್ಸಿ ನೋಡಿದಳು, ಮತ್ತೊಂದು ಬಣ್ಣ ಹಾಕಿಸಿ ನೋಡಿದಳು, ಅಲ್ಲಿ ಇಷ್ಟೂ ಸಿಗಲಿಲ್ಲ. ಎಲ್ಲಿ ಹೆಚ್ಚು ಇವೆಯೋ ಅಲ್ಲಿ ಎಣಿಸಬೇಕು ಅನ್ನುವುದು ನಿಯಮ, ಹಾಗಾಗಿ ತಿರುಗಿ ಅದೇ ಮೂಲೆಗೆ ಬಂದು ನಿಂತಳು.

ರಿಪೋರ್ಟಿನ ಖಾನೆಯಲ್ಲಿ "ಒಂಬತ್ತು ಅಥವಾ ಹತ್ತು" ಅಂತ ಟೈಪು ಮಾಡಿದರೆ ಕಂಪ್ಯೂಟರು ಕೆಂಪು ಅಕ್ಷರದಲ್ಲಿ ಬೈಯಿತು. ಅದಕ್ಕೆ ಒಂದೇ ಸಂಖ್ಯೆ ಬೇಕು. ಪರಿಮಳಾ ಕೀಲಿಮಣೆಯನ್ನು ದೂಡಿ, ತಲೆ ಹಿಡಿದುಕೊಂಡು ಕೂತಳು.

೬

ಈಗ ನನ್ನ ಸರದಿ. ಕಥೆ ಬರೆಯುತ್ತಿರುವುದು ನಾನು, ಆ ಕೋಶಗಳನ್ನು ಇಟ್ಟವನೂ ನಾನೇ, ನಾಲ್ಕು ಅಂದರೆ ನಾಲ್ಕು, ಐದು ಅಂದರೆ ಐದು. ಇಷ್ಟಕ್ಕೆ ಇಷ್ಟು ಒದ್ದಾಟವೇಕೆ? ಕೊನೆಗಳನ್ನು ಬರೆದೇ ಬಿಟ್ಟೆ.

ಕೊನೆ ಒಂದು. ಹತ್ತು ಅಂತ ಬರೆದಳು. ಕೀಮೋ ಶುರುವಾಯಿತು. ಎರಡನೇ ಸುತ್ತಿಗೆ ಶರೀಫಸಾಬನ ಎದೆ ಹಿಡಿಯಿತು...

ಪರಿಮಳಾ ಅಲ್ಲೇ ತಡೆದಳು. "ನೀವು ಬರೀರಿ ಹತ್ತು. ಅವರ ಹೃದಯ ನಿಂತ್ರ ನಿಮ್ಮ ಕಥಿಗೊಂದು ಪುಟ ಆಗ್ತದ. ಸಹಿ ಮಾಡಾಕಿ ನಾನಲ್ಲ?"

ಸರಿ. ಕೊನೆ ಎರಡು. ಒಂಬತ್ತು ಅಂತ ಬರೆದಳು. ಔಷಧಿ ಬೇಡವಾಯಿತು. ಎರಡು ವರ್ಷ ಅಂಗಡಿ ನಡೆಸಿದ. ಮೂರನೇ ವರ್ಷದ ಸ್ಕ್ಯಾನಿನಲ್ಲಿ ಯಕೃತ್ತಿನ ಮೇಲೆ ಒಂದು ಚುಕ್ಕೆ... ಇದನ್ನು ನಾನೇ ಹರಿದೆ. ಆ ಚುಕ್ಕೆಯಿಂದ ಮುಂದೆ ಬರೆಯಲಾಗಲಿಲ್ಲ, ಸುಳ್ಳು ಯಾಕೆ ಹೇಳಲಿ.

ಕೊನೆ ಮೂರು ನನಗೆ ಬಹಳ ಇಷ್ಟವಾದದ್ದು. ಫಾರ್ಮಲಿನ್‌ನಲ್ಲಿ ಒಂದಿಡೀ ರಾತ್ರಿ ನೆನೆದ ಮಾಂಸ ಹತ್ತು ಹನ್ನೆರಡು ದಿನಕ್ಕೆ ಮಣ್ಣಲ್ಲಿ ಕೊಳೆತು ಹೋಗುವುದಿಲ್ಲ. ಬಟ್ಟೆಯಲ್ಲಿ ಸುತ್ತಿದ್ದು ಬೇರೆ. ಅಗೆದು ತೆಗೆದರೆ ಗ್ರಂಥಿಗಳು ಇನ್ನೂ ಇರುತ್ತವೆ! ಇದು ಹೊಳೆದಾಗ ನಾನು ಕುರ್ಚಿಯಿಂದ ಎದ್ದೇ ಬಿಟ್ಟೆ. ಪರಿಮಳಾಗೂ ಹೊಳೆದಿತ್ತು, ಬಾಯಿಬಿಟ್ಟು ಕೇಳಲು ಮಾತ್ರ ಧೈರ್ಯ ಇರಲಿಲ್ಲ. ಕೊನೆಗೆ ಮಕ್ತುಂಬಿಗೆ ಫೋನಿನಲ್ಲಿ ಕೇಳಿದಳು. ಮಣ್ಣಿಗೆ ಕೊಟ್ಟದ್ದನ್ನು ತಿರುಗಿ ಇಸಿದುಕೊಳ್ಳುವ ಪದ್ಧತಿ ತಮ್ಮಲ್ಲಿಲ್ಲ ಅಂತ ಮಕ್ತುಂಬಿ ಮೆತ್ತಗೆ ಹೇಳಿ ಫೋನು ಇಟ್ಟಳು. ಪರಿಮಳಾ ಒತ್ತಾಯ ಮಾಡಲಿಲ್ಲ. ನಾನು ಬಿಡಬೇಕಲ್ಲ? ಆಕೆಯನ್ನು ಈ ಪುಟಕ್ಕೆ ಎಳೆದು ತಂದು ನಿಲ್ಲಿಸಿ ವಾದ ಮಾಡಿದೆ. ನಿಮ್ಮ ಗಂಡನ ಜೀವದ ಪ್ರಶ್ನೆ, ಮೇಲಾಗಿ ಕಥೆಗೂ ಚೆಂದ ಅಂದೆ.

"ಕಥಿ ಮುಗೀವಲ್ದು ಅಂತ ನಾ ಯಾಕ ನಮ್ಮ ಮಾವನ ಗೋರಿ ಬಾಜು ಅಗಸಲಿ?" ಅಂದಳು ಮಕ್ತುಂಬಿ. "ಅಷ್ಟು ಆಸಿ ಇದ್ರ ನಿಮ್ಮ ಮನ್ಯಾಗಿನವ್ರದು ಯಾರದರೆ ಅಗಸ್ರಿ."

ಮೇಲಾಗಿ ಕಥೆಗೂ ಚೆಂದ ಅನ್ನುವ ಮಾತು ಯಾಕಾದರೂ ಬಾಯಿಂದ ಬಂತೋ! ಆ ದಿನ ನಾನು ಬರೆಯಲಿಲ್ಲ.

೭

ಆಪರೇಷನ್ ಆದ ಹನ್ನೊಂದನೇ ದಿನ ಶರೀಫಸಾಬ ತಾನೇ ಬಂದ. ಹೊಲಿಗೆ ಬಿಚ್ಚಿಸಿಕೊಂಡು, ಹೆಂಡತಿಯ ಹೆಗಲು ಹಿಡಿದು, ಮೆಟ್ಟಿಲು ಒಂದೊಂದೇ ಹತ್ತಿ ಬಂದ. ರಿಪೋರ್ಟು ಯಾಕೆ ತಡ ಅಂತ ಕೇಳಲಿಲ್ಲ. ಒಂದು ಸಲ ತಾನೂ ನೋಡಬಹುದೇ ಅಂತ ಕೇಳಿದ. ಮೂವತ್ತು ವರ್ಷ ಭೂತಗನ್ನಡಿಯಲ್ಲಿ ಸಣ್ಣ ಸಣ್ಣ ಸ್ಕ್ರೂ ನೋಡಿದ ಕಣ್ಣು, ಈಗ ಬರೀ ಸೆಲ್ಲು ಬದಲಿಸುವುದಕ್ಕೆ, ಬೆಲ್ಟು ಹಾಕುವುದಕ್ಕೆ ಇಳಿದಿದೆ, ಆದರೂ ಕಣ್ಣು ಕಣ್ಣೇ ಅಂದ. ಮರಿಲಿಂಗ ಬೇಡ ಅನ್ನುವಂತೆ ತಲೆಯಾಡಿಸಿದ. ಪರಿಮಳಾ ಕೂರಿಸಿದಳು. ಅವಳ ಸೂಕ್ಷ್ಮದರ್ಶಕಕ್ಕೆ ಎದುರು ಬದುರು ಎರಡು ಜೋಡಿ ಗಾಜಿನ ಕಣ್ಣು, ಇಬ್ಬರೂ ಒಂದೇ ಸಲ ನೋಡಬಹುದು.

ಅವನು ಕೇಳದೆಯೇ ಪಕ್ಕದ ತಿರುಪಿಗೆ ಬೆರಳು ಹಚ್ಚಿ ಕೂದಲೆಳೆಯಷ್ಟು ತಿರುಗಿಸಿದ. ಚಿತ್ರ ಸ್ವಚ್ಛವಾಯಿತು. ಇಷ್ಟು ಹಗುರ ಕೈ ತನಗೂ ಇಲ್ಲ ಅಂತ ಪರಿಮಳಾಗೆ ಒಂದು ಕ್ಷಣ ಹೊಟ್ಟೆಕಿಚ್ಚಾಯಿತು.

ಯಾವುದು ರೋಗ ಅಂತ ಕೇಳಿದ. ನೀಲಿ ನೀಲಿ ಗುಂಪುಗಳು ಅಂದಳು. ಈ ಗುಲಾಬಿ ಎಳೆಗಳು? ಅದು ನೀವು ಅಂದಳು. ಅವನು ಬಹಳ ಹೊತ್ತು ನೋಡಿದ. ಎಡ ಮೂಲೆಯ ಆ ಗುಂಪಿನ ಹತ್ತಿರ ಬಂದು ತಿರುಪು ಹಿಂದೆ ಮುಂದೆ ಮಾಡಿದ. ಪರಿಮಳಾ ಇನ್ನೊಮ್ಮೆ ಎಣಿಸಿದಳು. (ನಾನೂ.) ಎಷ್ಟು ಕಾಣುತ್ತವೆ ಅಂತ ಕೇಳಿಬಿಡಬೇಕು ಅನ್ನುವಷ್ಟರಲ್ಲಿ ಅವನೇ ಕೇಳಿದ.

"ಇವು ಹೊಂಟಾವೇನ್ರಿ ಡಾಕ್ಟರಮ್ಮ, ನಿಂತಾವೇನ್ರಿ?"

ಹದಿನೈದು ವರ್ಷದಲ್ಲಿ ಅವಳನ್ನು ಯಾರೂ ಹೀಗೆ ಕೇಳಿರಲಿಲ್ಲ. ಕಲಬುರಗಿಯವರೂ, ಕಂಪ್ಯೂಟರೂ, ನಾನೂ ಎಷ್ಟು ಎಷ್ಟು ಅಂತಲೇ ಜೀವ ತಿಂದಿದ್ದೆವು. ಗೊತ್ತಿಲ್ಲರಿ, ಇದು ಆಪರೇಷನ್ ಆದ ಆ ಸೋಮವಾರದ್ದು, ಅವತ್ತು ಎಲ್ಲಿದ್ದವೋ ಅಲ್ಲಿ ನಿಂತಿವೆ, ಹೊರಟಿದ್ದವೋ ಇಲ್ಲವೋ ಅಂತ ನಾವು ಎಣಿಸಿ ಅಂದಾಜು ಮಾಡುತ್ತೇವೆ, ಅಷ್ಟೇ ಅಂತ ಹೇಳಿದಳು.

ಅವನು ತಲೆಯೆತ್ತಿ ಹೆಂಡತಿಯನ್ನು ಕರೆದ. ದಖನಿ ಉರ್ದುವಿನಲ್ಲಿ ಹೇಳಿದ್ದನ್ನು ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ, ತಪ್ಪಾದರೆ ನನ್ನದು. "ನೀ ಬ್ಯಾನಿ ಬ್ಯಾರೆ, ನನ್ನ ಬ್ಯಾರೆ ಮಾಡೀನಂತ ತಿಳಕೊಂಡಿದ್ದಿ. ಬಾ, ನೋಡಿಲ್ಲಿ. ಬ್ಯಾರೆ ಇಲ್ಲ. ಅವು ನನ್ನಾಗೇ ಕುಂತಾವ."

ಮಕ್ತುಂಬಿ ಬಗ್ಗಿ ನೋಡಿದಳು. ಇಲ್ಲಿ ಆಕೆ ಕುಸಿಯಬೇಕು, ಅಳಬೇಕು ಅಂತ ನಾನು ಸಿದ್ಧ ಮಾಡಿಟ್ಟುಕೊಂಡಿದ್ದೆ. ಆಕೆ ಸೆರಗಿನಿಂದ ಆ ಗಾಜಿನ ಕಣ್ಣು ಒರೆಸಿ, ಇನ್ನೊಮ್ಮೆ ನೋಡಿ, ಗಂಡನನ್ನು ಕರೆದುಕೊಂಡು ಹೊರಟುಹೋದಳು.

೮

ಮಾರನೇ ದಿನ ಒಂಬತ್ತು ಗಂಟೆಗೆ ಲ್ಯಾಬಿನ ಬಾಗಿಲು ತೆಗೆದರೆ ಮಕ್ತುಂಬಿ ಮೆಟ್ಟಿಲ ಮೇಲೆ ಕೂತಿದ್ದಳು. ಮಡಿಲಲ್ಲಿ ಸ್ಟೀಲಿನ ಡಬ್ಬಿ.

ಇದನ್ನು ನಾನು ಬರೆಯಲಿಲ್ಲ. ಆಣೆ ಮಾಡಿ ಹೇಳುತ್ತೇನೆ. ನಾನು ಬೇಡಿಕೊಂಡಾಗ ಛೀಮಾರಿ ಹಾಕಿದಾಕೆ ಈಗ ತಾನೇ ಮೈದುನನಿಂದ ಅಗೆಸಿ, ಮೊದಲ ಬಸ್ಸಿಗೆ ಬಂದಿದ್ದಳು. ಯಾಕೆ ಮನಸ್ಸು ಬದಲಾಯಿತು ಅಂತ ಒಂದು ಪುಟ ಬರೆಯೋಣ ಅಂದುಕೊಂಡರೆ, ಆಕೆ ನೇರ ಒಳಗೆ ಹೋಗಿ ಡಬ್ಬಿಯನ್ನು ಪರಿಮಳಾಳ ಮೇಜಿನ ಮೇಲಿಟ್ಟಳು. ಬಟ್ಟೆಗೆ ಕರಿಮಣ್ಣು ಹತ್ತಿತ್ತು. ಬಿಚ್ಚಿದರೆ ಒಳಗೆ ಕೊಬ್ಬಿನ ಸೆರಗು ಬಣ್ಣಗೆಟ್ಟಿತ್ತು, ಆದರೆ ಗಟ್ಟಿಯಾಗಿ, ಹಾಗೆಯೇ ಇತ್ತು.

ಒಂದೇ ಷರತ್ತು, ನೋಡಿ ಆದಮೇಲೆ ಚೂರೂ ಬಿಡದೆ ವಾಪಸ್ ಕೊಡಬೇಕು. ಹೂಂ ಅಂದುಬಿಡು ಅಂತ ನಾನು ಪರಿಮಳಾಗೆ ಕಣ್ಸನ್ನೆ ಮಾಡಿದೆ. ಅವಳು ನನ್ನ ಕಡೆ ನೋಡಲೂ ಇಲ್ಲ. ಎಲ್ಲ ಕೊಡಲು ಬರುವುದಿಲ್ಲ ಅಂದಳು. ಗ್ರಂಥಿಗಳನ್ನು ಮೇಣದಲ್ಲಿ ಕೂರಿಸಿ, ತೆಳ್ಳಗೆ ಕೊಯ್ದು ಗಾಜಿಗೆ ಹಚ್ಚಬೇಕು, ಆ ಮೇಣದ ಬಿಲ್ಲೆಯೂ ಗಾಜೂ ವರ್ಷಗಟ್ಟಲೆ ಲ್ಯಾಬಿನಲ್ಲೇ ಇರಬೇಕು, ಅದು ನಿಯಮ. ಮಿಕ್ಕ ಕೊಬ್ಬನ್ನೆಲ್ಲ, ಹಳದಿ ಚೀಲಕ್ಕೆ ಹಾಕದೆ, ಬರೆಸಿಕೊಂಡು ನಿಮ್ಮ ಕೈಗೇ ಕೊಡುತ್ತೇನೆ ಅಂದಳು. ಇದನ್ನು ಕೇಳಿ ಮಕ್ತುಂಬಿ ಡಬ್ಬಿ ಎತ್ತಿಕೊಂಡು ಹೋದರೂ ಹೋಗಬಹುದು ಅಂತ ಅವಳಿಗೆ ನಿಜವಾಗಿ ಹೆದರಿಕೆ ಇತ್ತು.

ಮಕ್ತುಂಬಿ ಎಷ್ಟು ಇಟ್ಟುಕೊಳ್ಳುತ್ತೀರಿ, ತೋರಿಸಿ ಅಂದಳು. ಮರಿಲಿಂಗ ಬೇರೆ ಯಾರದೋ ಮೇಣದ ಬಿಲ್ಲೆ ತಂದು ಅಂಗೈ ಮೇಲಿಟ್ಟ. ಗಾಜಿಗೆ ಹಚ್ಚಿದ್ದನ್ನು ಬೆಳಕಿಗೆ ಹಿಡಿದು ತೋರಿಸಿದ, ಉಳ್ಳಾಗಡ್ಡಿಯ ಒಳಪೊರೆಗಿಂತ ತೆಳ್ಳಗಿತ್ತು. ಆಕೆ ಎರಡನ್ನೂ ನೋಡಿದಳು.

"ಇಷ್ಟು ನಿಮಗ," ಅಂದಳು. "ಉಳಿದದ್ದು ನಮಗ."

೯

ಪರಿಮಳಾ ಕೈಗವಸು ಹಾಕಿಕೊಂಡು ಕೂತಿದ್ದಾಳೆ. ಮಣ್ಣನ್ನು ನೀರಲ್ಲಿ ಬಿಡಿಸಿ, ಕೊಬ್ಬನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಚುಕುತ್ತ, ಗಟ್ಟಿ ಕಾಳು ಸಿಕ್ಕಿದಲ್ಲಿ ನಿಲ್ಲುತ್ತ ಹೋಗುತ್ತಿದ್ದಾಳೆ. ಐದನೆಯದು ಸಿಕ್ಕಿತು. ಆರು. ಆಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ. ಏಳು.

ಎಷ್ಟರವರೆಗೆ ಹೋಯಿತು ಅಂತ ನೀವು ಕೇಳುತ್ತೀರಿ. ಅದರಲ್ಲಿ ರೋಗ ಇತ್ತೇ ಅಂತ ಕೇಳುತ್ತೀರಿ. ಗಾಜಿಗೆ ಬರಲು ಎರಡು ದಿನ ಬೇಕು, ನನಗೆ ಹೇಗೆ ಗೊತ್ತಾಗಬೇಕು? ಬರೆದವನಲ್ಲವೇ ನೀನು ಅಂತೀರಿ. ಬರೆದವನು ಹೌದು, ಅದಕ್ಕೇ ಹೇಳುತ್ತಿದ್ದೇನೆ, ನನ್ನ ಮೂರು ಕೊನೆಗಳಲ್ಲಿ ಒಂದನ್ನು ನಾನೇ ಹರಿದೆ, ಎರಡನ್ನು ಈ ಹೆಂಗಸರು ಹರಿದು ಹಾಕಿದ್ದಾರೆ, ನಾಲ್ಕನೆಯದನ್ನು ಮುಟ್ಟುವ ಧೈರ್ಯ ನನಗಿಲ್ಲ. ಎಂಟು ಅಂತ ಈಗ ಒಳಗಿನಿಂದ ದನಿ ಬಂತು. ನಾನು ಪೆನ್ನು ಕೆಳಗಿಟ್ಟಿದ್ದೇನೆ.

ಎರಡು ದಿನ ಬಿಟ್ಟು ಬನ್ನಿ ಅಂತ ಎಲ್ಲರೂ ಹೇಳಿದರೂ ಮಕ್ತುಂಬಿ ಹೋಗಿಲ್ಲ, ಹೊರಗಿನ ಬೆಂಚಿನ ಮೇಲೆ ಕೂತಿದ್ದಾಳೆ. ಮರಿಲಿಂಗ ಚಹಾ ತಂದು ಕೊಟ್ಟ. ಬರಿದಾದ ಸ್ಟೀಲಿನ ಡಬ್ಬಿಗೆ ಮಣ್ಣು ಹತ್ತಿದೆ, ತೊಳೆದು ಕೊಡುತ್ತೇನೆ ಕೊಡಿ ಅಂತ ಕೈ ಚಾಚಿದ. ಆಕೆ ಡಬ್ಬಿಯನ್ನು ಮಡಿಲಿಗೆ ಎಳೆದುಕೊಂಡು, ಬ್ಯಾಡ್ರಿ, ಆ ಮಣ್ಣು ಅಲ್ಲಿಂದು, ಅದೂ ತಿರುಗಿ ಒಯ್ಯಬೇಕು ಅಂದಳು.